ಹಂಗಾಮಿ ತರಬೇತುದಾರನೂ ಸರಾಸರಿಯ ನಿಯಮವೂ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಕಾಲೇಜು ವಿದ್ಯಾರ್ಥಿಗಳ ವಾಗ್ವಾದವೊಂದು ಒಮ್ಮೆ ನಮ್ಮ ಕಿವಿಗೆ ಬಿದ್ದಿತು. ವಿಷಯ ಕಾಲ್ಚೆಂಡಿನದು. ಸೋಲುತ್ತಿದ್ದ ತಂಡವೊಂದರ ತರಬೇತುದಾರನನ್ನು ತೆಗೆದು, ಆ ಸ್ಥಾನಕ್ಕೆ ತಾತ್ಕಾಲಿಕವಾಗಿ ಮತ್ತೊಬ್ಬನನ್ನು ನೇಮಿಸಿದರೆಂದೂ, ಒಡನೆಯೇ ತಂಡ ಗೆಲ್ಲತೊಡಗಿತೆಂದೂ, ಆದುದರಿಂದ ದೋಷವೆಲ್ಲ ಹಳಬನದೇ ಎಂದೂ ಒಬ್ಬನು ವಾದಿಸುತ್ತಿದ್ದನು. ತೆರಕಣಾಂಬಿ ದಾಟುವ ವೇಳೆಗೆ ಉಳಿದವರೆಲ್ಲರೂ ಅವನ ಪಕ್ಷ ಸೇರಿದ್ದರು. ಈ ವಾದದಲ್ಲಿ ಹುರುಳೆಷ್ಟು? ಪರೀಕ್ಷಿಸಿ ನೋಡೋಣ.

ಹಂಗಾಮಿ ತರಬೇತುದಾರನೆಂದರೆ ಯಾರು?

ಋತುವಿನ ನಡುವೆ ಮುಖ್ಯ ತರಬೇತುದಾರನು ಹೊರನಡೆದರೆ, ಹೊಸಬನು ದೊರೆಯುವವರೆಗೆ ತಂಡವನ್ನು ನೋಡಿಕೊಳ್ಳುವವನೇ ಹಂಗಾಮಿ ತರಬೇತುದಾರ. ಸಾಮಾನ್ಯವಾಗಿ ಅದುವರೆಗಿನ ಸಹಾಯಕನಿಗೇ ಈ ಭಾರ ಬೀಳುತ್ತದೆ. ಇವರಲ್ಲಿ ಕೆಲವರ ಯಶಸ್ಸು ಬೆರಗು ಹುಟ್ಟಿಸುವಂಥದು. 2012ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಚೆಲ್ಸಿ ತಂಡದ ಹೊಣೆ ಹೊತ್ತ ರಾಬರ್ಟೊ ಡಿ ಮ್ಯಾಟೆಯೊ, ಮೇ ತಿಂಗಳಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿಯನ್ನೇ ಗೆದ್ದುಕೊಟ್ಟನು. 2018ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ ಹಂಗಾಮಿಯಾಗಿ ಬಂದ ಉಲೆ ಗುನ್ನಾರ್ ಸೋಲ್‌ಷೇರ್ 19 ಪಂದ್ಯಗಳಲ್ಲಿ 14ನ್ನು ಗೆಲ್ಲಿಸಿದನು.

ಆದರೆ ಮುಂದೇನಾಯಿತು? ಡಿ ಮ್ಯಾಟೆಯೊನ ಕೆಲಸ ಖಾಯಂ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಅವನನ್ನೂ ತೆಗೆದುಹಾಕಿದರು. 2019ರ ಮಾರ್ಚಿಯಲ್ಲಿ ಸೋಲ್‌ಷೇರನ ಕೆಲಸವೂ ಖಾಯಂ ಆಯಿತು. ಆ ಋತುವಿನ ಉಳಿದ 10 ಪಂದ್ಯಗಳಲ್ಲಿ ಅವನ ತಂಡ ಗೆದ್ದದ್ದು ಎರಡೇ. ಮೂರು ತಿಂಗಳು ಫಲಿಸಿದ ಮಂತ್ರ ಮುಂದಿನ ಎರಡು ತಿಂಗಳಲ್ಲಿ ಏಕೆ ಫಲಿಸಲಿಲ್ಲ?

ದಾಳದ ತಂಡ

ಓದುಗರು ಒಂದು ದಾಳವನ್ನು ತೆಗೆದುಕೊಳ್ಳಲಿ. 1 ಅಥವಾ 2 ಬಿದ್ದರೆ ಗೆಲುವು, ಮೂರು ಅಂಕ. 3 ಅಥವಾ 4 ಬಿದ್ದರೆ ಸಮ, ಒಂದು ಅಂಕ. 5 ಅಥವಾ 6 ಬಿದ್ದರೆ ಸೋಲು, ಸೊನ್ನೆ. ಪಂದ್ಯವೊಂದಕ್ಕೆ ಈ ತಂಡದ ಸರಾಸರಿ ಗಳಿಕೆ 4/3 ಅಂಕ. ಇದಕ್ಕೆ ಆಟಗಾರರಿಲ್ಲ, ತರಬೇತುದಾರನಿಲ್ಲ. ಇದರ ಸಾಮರ್ಥ್ಯ ಎಂದೂ ಬದಲಾಗುವುದಿಲ್ಲ.

ಸತತವಾಗಿ ಮೂರು ಬಾರಿ ಸೋತ ಒಡನೆ ತರಬೇತುದಾರನನ್ನು ತೆಗೆಯುವುದೆಂದು ಗೊತ್ತುಮಾಡಿಕೊಳ್ಳೋಣ. ನಿಶ್ಚಿತವಾದ ಮೂರು ಪಂದ್ಯಗಳೂ ಸೋಲಾಗುವ ಸಂಭವ 27ರಲ್ಲಿ ಒಂದು ಮಾತ್ರ. ಆದರೆ 20 ಪಂದ್ಯಗಳ ಋತುವಿನಲ್ಲಿ ಎಲ್ಲಾದರೂ ಒಂದೆಡೆ ಇಂಥ ಮೂರು ಸೋಲುಗಳು ಒಟ್ಟಾಗಿ ಬರುವ ಸಂಭವ ನೂರಕ್ಕೆ ಸುಮಾರು 39. ಎಂದರೆ, ಯಾವ ತಪ್ಪೂ ಇಲ್ಲದೆಯೇ ಹತ್ತು ಋತುಗಳಲ್ಲಿ ಸುಮಾರು ನಾಲ್ಕರಲ್ಲಿ ‘ತರಬೇತುದಾರ’ನ ತಲೆದಂಡವಾಗುತ್ತದೆ!

ಇನ್ನು ಮುಂದಿನ ಮೂರು ಪಂದ್ಯಗಳನ್ನು ನೋಡಿ. ಹಿಂದಿನ ಮೂರರ ಗಳಿಕೆ ಸೊನ್ನೆ. ಮುಂದಿನ ಮೂರರಿಂದ ನಾವು ನಿರೀಕ್ಷಿಸಬೇಕಾದ ಸರಾಸರಿ ನಾಲ್ಕು ಅಂಕ. ಹಂಗಾಮಿಯ ಪೀಠದಲ್ಲಿ ಒಂದು ಕಲ್ಲನ್ನು ಕೂರಿಸಿದ್ದರೂ ಕೀರ್ತಿ ಆ ಕಲ್ಲಿಗೇ ಸಲ್ಲುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಲೋಲಕವನ್ನು ಅದರ ಸಮಸ್ಥಾನಕ್ಕೆ ಗುರುತ್ವವು ಎಳೆಯುವಂತೆ, ದಾಳವನ್ನು ಸರಾಸರಿಗೆ ಎಳೆಯುವ ಬಲ ಯಾವುದೂ ಇಲ್ಲ. ದಾಳಕ್ಕೆ ನೆನಪಿಲ್ಲ. ಮೂರು ಸೋಲಿನ ನಂತರ ಗೆಲುವಿನ ಸಂಭವ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ತೀರ ಕೆಳಗಿನ ಘಟ್ಟವನ್ನೇ ನಾವು ಆರಿಸಿಕೊಂಡು ಅಳತೆ ಪ್ರಾರಂಭಿಸಿದೆವಾದ್ದರಿಂದ ಮುಂದಿನದು ಮೇಲೇರಿದಂತೆ ತೋರುತ್ತದೆ, ಅಷ್ಟೆ. ಇದಕ್ಕೆ ‘ಸರಾಸರಿಯತ್ತ ಮರಳಿಕೆ’ ಎಂದು ಹೆಸರು. ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರದವರಾದರೂ ಸರಾಸರಿಯಲ್ಲಿ ಅವರಷ್ಟು ಎತ್ತರವಿರುವುದಿಲ್ಲವೆಂದು 1886ರಲ್ಲಿ ತೋರಿಸಿಕೊಟ್ಟ ಫ್ರಾನ್ಸಿಸ್ ಗಾಲ್ಟನ್ ಈ ತತ್ತ್ವವನ್ನು ಬೆಳಕಿಗೆ ತಂದನು.

ಬೆಂಗಳೂರಿನ ಒಂದು ಉದಾಹರಣೆ

ಮರಳಿಕೆ ಎಂಬುದು ಸರಾಸರಿಯ ಮಾತೇ ಹೊರತು ಪ್ರತಿ ತಂಡಕ್ಕೂ ಕೊಟ್ಟ ವಾಗ್ದಾನವಲ್ಲ. 2018–19ರಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಗೆ ಮುಟ್ಟಿಸಿದವರು ಕಾರ್ಲೆಸ್ ಕ್ವಾದ್ರಾತ್. 2021ರ ಜನವರಿಯಲ್ಲಿ, ಸತತ ಮೂರು ಸೋಲುಗಳ ನಂತರ, ಅವರು ತಂಡವನ್ನು ಬಿಡಬೇಕಾಯಿತು. ಸಹಾಯಕರಾಗಿದ್ದ ನೌಷಾದ್ ಮೂಸಾ ಹಂಗಾಮಿಯಾದರು. ಮೊದಲ ಪಂದ್ಯದಲ್ಲೇ ಸೋಲು. ಐದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಫೆಬ್ರವರಿ 2ರಂದು ಈಸ್ಟ್ ಬೆಂಗಾಲ್ ತಂಡವನ್ನು 2–0 ಗೋಲುಗಳಿಂದ ಸೋಲಿಸಿದಾಗಲೇ ಗೆಲುವು ಒದಗಿದ್ದು. ಇದರಿಂದ ಮೂಸಾ ಅಸಮರ್ಥರೆಂದು ತೀರ್ಮಾನಿಸಬಹುದೆ? ನಮ್ಮ ದಾಳವೂ ಐದು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದಿರುವ ಸಂಭವ 243ರಲ್ಲಿ 32, ಎಂದರೆ ನೂರಕ್ಕೆ ಸುಮಾರು 13 ಇದೆ. ಐದು ಪಂದ್ಯಗಳು ಮನುಷ್ಯನನ್ನು ತೂಗಲು ಸಾಲದ ತಕ್ಕಡಿ.

ಜೊತೆಯಿಲ್ಲದೆ ಹೋಲಿಕೆಯಿಲ್ಲ

ಹಾಗಾದರೆ ನಿಜವನ್ನು ತಿಳಿಯುವ ಬಗೆ ಹೇಗೆ? ಅಷ್ಟೇ ಸೋತು, ಆದರೂ ತರಬೇತುದಾರನನ್ನು ಉಳಿಸಿಕೊಂಡ ತಂಡಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಬಾಸ್ ಟರ್ ವೀಲ್ ಎಂಬ ಅರ್ಥಶಾಸ್ತ್ರಜ್ಞರು 1986ರಿಂದ 2004ರವರೆಗಿನ ಡಚ್ ಲೀಗಿನ ಪಂದ್ಯಗಳನ್ನು ಹೀಗೆಯೇ ಪರಿಶೀಲಿಸಿದರು. ತರಬೇತುದಾರನನ್ನು ಬದಲಿಸಿದ ತಂಡಗಳು ಚೇತರಿಸಿಕೊಂಡಿದ್ದವು. ಬದಲಿಸದ ತಂಡಗಳೂ ಚೇತರಿಸಿಕೊಂಡಿದ್ದವು. ಜರ್ಮನಿಯ ಆಂಡ್ರಿಯಾಸ್ ಹಾಯರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೂ, ಅಲ್ಲಿಯ ಲೀಗಿನ ಹಲವು ದಶಕಗಳ ಪಂದ್ಯಗಳನ್ನು ಆಧರಿಸಿ, ಋತುವಿನ ನಡುವೆ ತರಬೇತುದಾರನನ್ನು ವಜಾಮಾಡುವುದರಿಂದ ಹೇಳಿಕೊಳ್ಳುವಂಥ ಪರಿಣಾಮವಿಲ್ಲವೆಂದು ಸಾರಿತು.

ತರಬೇತುದಾರರೆಲ್ಲರೂ ಒಂದೇ ಎಂದು ಇದರ ಅರ್ಥವಲ್ಲ. ಒಳ್ಳೆಯ ಗುರುವಿನ ಫಲ ಕಾಣಲು ಕಾಲ ಬೇಕು. ಕೆಲವೇ ಪಂದ್ಯಗಳಲ್ಲಿ ಕಾಣುವ ಏರಿಳಿತದಲ್ಲಿ ಆಕಸ್ಮಿಕದ ಪಾಲೇ ದೊಡ್ಡದು.

ನಮ್ಮದೇ ಒಂದು ತಪ್ಪು

ಇದನ್ನು ಬರೆಯುತ್ತಿರುವ ನಾವೂ ಈ ಭ್ರಮೆಗೆ ಹೊರತಾದವರಲ್ಲ. ಕಿರುಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದವರನ್ನು ನಾವು ಗದರಿಸುತ್ತಿದ್ದೆವು. ಮುಂದಿನ ಪರೀಕ್ಷೆಯಲ್ಲಿ ಅವರ ಅಂಕ ಏರುತ್ತಿತ್ತು. ಹೆಚ್ಚು ಅಂಕ ಪಡೆದವರನ್ನು ಹೊಗಳುತ್ತಿದ್ದೆವು, ಅವರದು ಇಳಿಯುತ್ತಿತ್ತು. ಬೈಗುಳವೇ ಮದ್ದು, ಹೊಗಳಿಕೆಯೇ ವಿಷ ಎಂದು ವರ್ಷಗಟ್ಟಲೆ ನಂಬಿದ್ದೆವು. ಇಸ್ರೇಲಿನ ವಿಮಾನಚಾಲನೆಯ ಶಿಕ್ಷಕರೂ ಹೀಗೆಯೇ ನಂಬಿದ್ದರೆಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಬರೆದುದನ್ನು ಓದಿದ ದಿನ, ನಮ್ಮ ಹಳೆಯ ಅಂಕಪಟ್ಟಿಗಳನ್ನು ತೆಗೆದು ನೋಡಿದೆವು. ನಾವು ಏನನ್ನೂ ಹೇಳದೆ ಬಿಟ್ಟಿದ್ದವರ ಅಂಕಗಳೂ ಹಾಗೆಯೇ ಏರಿ, ಹಾಗೆಯೇ ಇಳಿದಿದ್ದವು. ಆ ಬೈಗುಳಗಳನ್ನು ಈಗ ಹಿಂದಕ್ಕೆ ಪಡೆಯುವಂತಿಲ್ಲ.

ಬಸ್ಸಿನ ಆ ತರುಣರಿಗೆ ನಾವು ಹೇಳಬೇಕಾಗಿದ್ದುದು ಇಷ್ಟೆ: ಒಬ್ಬನನ್ನು ಕೆಳಗಿಳಿಸುವ ಮೊದಲು, ಇಳಿಸದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಕೇಳಿ. ಮನೆಯಲ್ಲಿ ದಾಳವಿದ್ದರೆ ಇಂದು ರಾತ್ರಿಯೇ 20 ಬಾರಿ ಎಸೆದು ಬರೆದಿಡಿ. ನಿಮ್ಮ ತಂಡದಲ್ಲಿ ಎಷ್ಟು ಮಂದಿ ನಿರಪರಾಧಿಗಳು ಕೆಲಸ ಕಳೆದುಕೊಳ್ಳುವರೆಂಬುದನ್ನು ನೀವೇ ಕಾಣುವಿರಿ.