ಸರ್ಕಾರದ ಕೈ ಎಲ್ಲಿಯವರೆಗೆ?

ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡುವುದು ಮಾಗನೂರು ಸೀಮೆಯವರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಯಿತು. ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರದೊಂದಿಗೆ ಆಂಧ್ರಪ್ರದೇಶಕ್ಕೆ ಬಂದವು. ಉಳಿದ ರಾಯಚೂರು ಮೈಸೂರಿಗೆ ಹೋಯಿತು. 2014ರಿಂದ ನಾವು ತೆಲಂಗಾಣದವರು.

ಹಾಗಾದರೆ ನಮ್ಮ ಮಕ್ಕಳ ಶಾಲೆಯ ಭಾಷೆಯನ್ನು ಯಾರು ಗೊತ್ತುಮಾಡಬೇಕು? 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎನ್ನುತ್ತದೆ. ಇದು ಸರ್ಕಾರದ ಕರ್ತವ್ಯ.

ಅದಕ್ಕೆ ಮಿತಿಯೂ ಉಂಟು. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಮಗುವಿನದು, ಅದರ ಪರವಾಗಿ ತಂದೆತಾಯಿಯರದು ಎಂದಿತು.

ಬಾಗಿಲು ತೆರೆದಿಡುವುದು ಸರ್ಕಾರದ ಕೆಲಸ, ಒಳಗೆ ದಬ್ಬುವುದಲ್ಲ. ಆದರೆ ಕನ್ನಡ ಮೇಷ್ಟ್ರೇ ಇಲ್ಲದ ಊರಿನಲ್ಲಿ ಆಯ್ಕೆ ಎಂಬುದು ಬರೀ ಮಾತು. ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವ ದಿನ ಮಾತೃಭಾಷೆ ಕನ್ನಡವೆಂದು ಮರೆಯದೆ ಬರೆಸಿರಿ. ನಾಳೆ ಸೌಕರ್ಯ ಕೇಳುವಾಗ ಆ ಒಂದು ಸಾಲೇ ನಿಮ್ಮ ಸಾಕ್ಷಿ.