ಮರುಭೂಮಿಯಲ್ಲಿ ಹಿಮ: ಛಾಯಾಗ್ರಾಹಕನ ಯಾತ್ರೆ

‘ಮರು’ ಎಂಬ ಶಬ್ದವನ್ನು ಪ್ರಾಚೀನ ವೈಯಾಕರಣರು ‘ಮೃ’ ಧಾತುವಿನಿಂದ ಸಾಧಿಸುತ್ತಾರೆ. ನೀರಿಲ್ಲದೆ ಜೀವಿಗಳು ಸಾಯುವ ನೆಲವೆಂದು ಅದರ ಅರ್ಥ. ಈ ನಿರ್ವಚನದಲ್ಲಿ ಬಿಸಿಲಿನ ಮಾತೇ ಇಲ್ಲವೆಂಬುದು ಗಮನಾರ್ಹ. ಆಧುನಿಕ ಭೂಗೋಳಶಾಸ್ತ್ರವೂ ಸಾಮಾನ್ಯವಾಗಿ ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿಯೆನ್ನುತ್ತದೆ. ಅಲ್ಲಿಯೂ ಅಳತೆ ನೀರಿನದೇ ಹೊರತು ಶಾಖದ್ದಲ್ಲ. ಆದುದರಿಂದ ಮರುಭೂಮಿಯಲ್ಲಿ ಹಿಮಪಾತವು ವಿರಳವಾಗಬಹುದು, ಅಸಂಭವವಲ್ಲ. ಸಹಾರಾದ ಅಂಚಿನಲ್ಲಿರುವ ಅಲ್ಜೀರಿಯದ ಐನ್ ಸೆಫ್ರಾ ಪಟ್ಟಣದಲ್ಲಿ 1979ರ ಫೆಬ್ರವರಿಯಲ್ಲಿ ಹಿಮ ಬಿದ್ದಿತು. 2016ರ ಡಿಸೆಂಬರಿನಲ್ಲಿ ಅಲ್ಲಿಯ ಕೆಂಪು ಮರಳುದಿಬ್ಬಗಳ ಮೇಲೆ ಹರಡಿದ ಹಿಮದ ಚಿತ್ರಗಳು ಜಗತ್ತಿನೆಲ್ಲೆಡೆ ಪ್ರಕಟವಾದವು.

ಇಂತಹ ದೃಶ್ಯವನ್ನು ಅರಸುವ ಛಾಯಾಗ್ರಾಹಕರು ಚಳಿಗಾಲದಲ್ಲಿ ಹೋಗುವ ಪ್ರಸಿದ್ಧ ಸ್ಥಳ ಅಮೆರಿಕದ ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿರುವ ಮಾನ್ಯುಮೆಂಟ್ ವ್ಯಾಲಿ. ಇದು ನವಾಹೋ ಜನರ ನೆಲ. ಸಮುದ್ರಮಟ್ಟದಿಂದ 5,000 ಅಡಿಗೂ ಎತ್ತರದಲ್ಲಿರುವುದರಿಂದ, ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಚಳಿಗಾಲದ ಮಾರುತಗಳು ಇಲ್ಲಿ ಒಮ್ಮೊಮ್ಮೆ ಹಿಮ ಸುರಿಸುತ್ತವೆ. ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದ ಮರಳುಗಲ್ಲಿನ ಬೃಹತ್ ಸ್ತಂಭಗಳು ಬಿಳಿಯ ನೆಲದ ಮೇಲೆ ನಿಂತಾಗ ಬಣ್ಣಗಳೆರಡೂ ಒಂದನ್ನೊಂದು ಎತ್ತಿ ತೋರಿಸುತ್ತವೆ. ಆದರೆ ಬಿಸಿಲೇರಿದಂತೆ ಹಿಮ ಕರಗುತ್ತದೆ. ಹಲವು ವೇಳೆ ಛಾಯಾಗ್ರಾಹಕನಿಗೆ ದೊರೆಯುವುದು ಕೆಲವೇ ಗಂಟೆಗಳ ಅವಕಾಶ.

ಆ ಅವಕಾಶದಲ್ಲಿ ಯಂತ್ರವೇ ಅವನನ್ನು ವಂಚಿಸಬಲ್ಲದು. ಕ್ಯಾಮರಾದ ಬೆಳಕಳೆಯುವ ಸಾಧನವು ಎದುರಿನ ದೃಶ್ಯವನ್ನು ನಡುವಣ ಬೂದುಬಣ್ಣದ್ದೆಂದು ಭಾವಿಸಿ ಲೆಕ್ಕ ಹಾಕುತ್ತದೆ. ಪರಿಣಾಮವಾಗಿ ಬಿಳಿಯ ಹಿಮ ಬೂದಿಯಂತೆ ಮೂಡುತ್ತದೆ. ಬಲ್ಲವರು ಸಾಧನ ಸೂಚಿಸಿದುದಕ್ಕಿಂತ ಎರಡರಷ್ಟು, ಕೆಲವೊಮ್ಮೆ ನಾಲ್ಕರಷ್ಟು ಬೆಳಕನ್ನು ಒಳಬಿಡುತ್ತಾರೆ. ನೆರಳಿನ ಹಿಮ ಚಿತ್ರದಲ್ಲಿ ನೀಲಿಯಾಗಿ ಕಾಣುವುದು ದೋಷವಲ್ಲ. ಅಲ್ಲಿ ಬೀಳುವುದು ನೀಲಾಕಾಶದ ಬೆಳಕು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಂದುವುದರಿಂದ ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಬೆಚ್ಚನೆಯ ಕೊಠಡಿಗೆ ಮರಳುವಾಗ ಕ್ಯಾಮರಾವನ್ನು ಚೀಲದಲ್ಲಿ ಭದ್ರವಾಗಿ ಮುಚ್ಚಿಟ್ಟರೆ ಮಸೂರದ ಮೇಲೆ ನೀರು ಹನಿಗಟ್ಟುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಎಚ್ಚರ ಕಾಲಿನದು. ಈ ಪ್ರಸ್ಥಭೂಮಿಯ ಮರಳಿನ ಮೇಲೆ ಅನೇಕ ಕಡೆ ಸಯನೋಬ್ಯಾಕ್ಟೀರಿಯ, ಕಲ್ಲುಹೂವು, ಹಾವಸೆಗಳಿಂದಾದ ಸಜೀವ ಪದರವೊಂದಿದೆ. ಮರಳು ಗಾಳಿಗೆ ಹಾರದಂತೆ ಹಿಡಿದು, ತೇವವನ್ನು ಉಳಿಸಿ, ಸಸ್ಯಗಳಿಗೆ ಸಾರಜನಕವನ್ನು ಒದಗಿಸುವುದು ಇದೇ. ಒಂದು ಹೆಜ್ಜೆಗೆ ಪುಡಿಯಾಗುವ ಈ ಪದರ ಮತ್ತೆ ಬೆಳೆಯಲು ದಶಕಗಳೇ ಬೇಕು. ಹಿಮ ಮುಚ್ಚಿದಾಗ ಅದು ಕಣ್ಣಿಗೆ ಬೀಳದು. ಹೊಸದೊಂದು ಕೋನಕ್ಕಾಗಿ ದಾರಿ ಬಿಟ್ಟವನು ತಾನು ಏನನ್ನು ತುಳಿದೆನೆಂದು ಅರಿಯುವುದೂ ಇಲ್ಲ. ಗುರುತಿಸಿದ ದಾರಿಯಿಂದಾಚೆಗೆ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗಬಾರದೆಂದು ನವಾಹೋ ಜನರು ವಿಧಿಸಿರುವ ನಿಯಮವನ್ನು ಪಾಲಿಸಿದರೆ ನೆಲಕ್ಕೂ ಕ್ಷೇಮ, ಯಾತ್ರಿಕನಿಗೂ ಕ್ಷೇಮ.

ಶಾಲಾ ಪ್ರವಾಸಗಳಲ್ಲಿ ಕ್ಯಾಮರಾ ಹಿಡಿದು ಹೊರಡುವ ಮಕ್ಕಳಿಗೂ ಅಧ್ಯಾಪಕರು ಇದನ್ನು ಮೊದಲು ಹೇಳಿಕೊಡಬೇಕು. ನೋಟಕ್ಕೆ ಮುನ್ನ ಹೆಜ್ಜೆಯನ್ನು ಕಲಿತ ವಿದ್ಯಾರ್ಥಿ ಎಲ್ಲಿಗೆ ಹೋದರೂ ಆ ನೆಲಕ್ಕೆ ಭಾರವಾಗಲಾರನು.