ಇಲಿಯ ಸ್ನೇಹಕ್ಕೆ ತಾಳ್ಮೆಯೇ ಬೆಲೆ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ, ಮನೆಯಲ್ಲಿ ಬಿಳಿ ಇಲಿ ಸಾಕುವ ಮಕ್ಕಳಿಗೂ ಒಪ್ಪುತ್ತದೆ. ಹೊಸದಾಗಿ ತಂದ ಇಲಿಯನ್ನು ಮಗು ಉತ್ಸಾಹದಿಂದ ಮೇಲಿನಿಂದ ಕೈ ಹಾಕಿ ಹಿಡಿಯುತ್ತದೆ. ಇಲಿಗಾದರೋ ಅದು ಗೂಬೆಯೋ ಹದ್ದೋ ಎರಗಿದಂತೆ. ಬೆದರಿದ ಇಲಿ ಮೂಲೆ ಸೇರುತ್ತದೆ. ಇನ್ನೂ ಒತ್ತಾಯಿಸಿದರೆ ಕಚ್ಚುತ್ತದೆ.

ಅಂಜುವ ಜೀವಿಗಳು ಎಲ್ಲಿ ನೆಮ್ಮದಿಯಾಗಿರುತ್ತವೆ ಎಂಬುದಕ್ಕೆ ಗದಗ ಜಿಲ್ಲೆಯಲ್ಲೇ ನಿದರ್ಶನವಿದೆ. ಶಿರಹಟ್ಟಿ, ಲಕ್ಷ್ಮೇಶ್ವರಗಳಿಗೆ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಈ ಕೆರೆಯಲ್ಲಿ ಅವನ್ನು ಬೇಟೆಯಾಡುವಂತಿಲ್ಲ. ಬೆನ್ನಟ್ಟುವವರಿಲ್ಲದ ಕಡೆಗೆ ಪ್ರಾಣಿ ತಾನಾಗಿ ಬರುತ್ತದೆ. ಮನೆಯ ಪಂಜರಕ್ಕೂ ಇದೇ ನಿಯಮ.

ಮೊದಲ ಕೆಲವು ದಿನ ಪಂಜರವನ್ನು ಗದ್ದಲವಿಲ್ಲದ ಜಾಗದಲ್ಲಿಡಬೇಕು. ಅಡಗಿಕೊಳ್ಳಲು ಒಳಗೊಂದು ರಟ್ಟಿನ ಡಬ್ಬಿ ಇರಲಿ. ಇಲಿಯ ಕಣ್ಣು ಮಂದ, ಮೂಗು ಚುರುಕು. ಮಗು ತೊಟ್ಟು ಬಿಟ್ಟ ಬಟ್ಟೆಯ ತುಂಡನ್ನು ಹಾಸಿದರೆ ಅದರ ವಾಸನೆ ಪರಿಚಯವಾಗುತ್ತದೆ. ಇಲಿ ಚಟುವಟಿಕೆಯಿಂದಿರುವ ಸಂಜೆಯ ಹೊತ್ತು ಪಕ್ಕದಲ್ಲಿ ಕುಳಿತು ಮೆಲುದನಿಯಲ್ಲಿ ಮಾತನಾಡಬೇಕು. ಆಮೇಲೆ ಅಂಗೈಯಲ್ಲಿ ಜೋಳದ ರೊಟ್ಟಿಯ ಚೂರಿಟ್ಟು ಅಲುಗಾಡದೆ ಕಾಯಬೇಕು. ಇಲಿ ಚೂರನ್ನು ಕಚ್ಚಿಕೊಂಡು ಓಡಿಹೋದರೂ ಅದು ಸೋಲಲ್ಲ. ನಾಳೆ ತುಸು ಹೆಚ್ಚು ಹೊತ್ತು ನಿಂತೀತು. ತಾನಾಗಿ ಕೈ ಏರಿದ ಮೇಲಷ್ಟೇ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಬೇಕು. ಬಾಲ ಹಿಡಿದು ಎತ್ತಲೇಬಾರದು. ಚರ್ಮ ಕಿತ್ತುಬರುವ ಅಪಾಯವಿದೆ. ಗುಂಪಿನಲ್ಲಿ ಬಾಳುವ ಇಲಿ ಒಂಟಿಯಾದರೆ ಕೊರಗುತ್ತದೆ. ಒಂದೇ ಲಿಂಗದ ಎರಡನ್ನು ಜೊತೆಗೆ ಸಾಕುವುದು ಲೇಸು.

ವಿಶ್ವಾಸ ಕುದುರಿದ ಇಲಿ ಎಷ್ಟು ಬೆರೆಯುತ್ತದೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ಬರ್ಲಿನ್‌ನಲ್ಲಿ ಅವರು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದರು. ಇಲಿಗಳು ಅಡಗಿದವು, ಅಡಗಿದ ಮನುಷ್ಯರನ್ನು ಹುಡುಕಿದವು. ಬಹುಮಾನ ತಿಂಡಿಯಲ್ಲ, ಬರೀ ಕಚಗುಳಿ ಮತ್ತು ಆಟ! ಆದರೆ ಆಟಕ್ಕೆ ಮೊದಲು ಅವು ಮನುಷ್ಯರ ಒಡನಾಟಕ್ಕೆ ಒಗ್ಗಿಕೊಂಡಿದ್ದವು.

ಪಾಲಕರು ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಹೊಲದ, ಗಟಾರದ ಇಲಿಗಳನ್ನು ಹಿಡಿದು ಸಾಕುವುದು ಸಲ್ಲದು. ಅವುಗಳ ಮೂತ್ರದಿಂದ ಇಲಿಜ್ವರ ಹರಡಬಹುದು. ಸಾಕಿದ ಇಲಿಯನ್ನು ಮುಟ್ಟಿದ ಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ಕಚ್ಚಿದರೆ ಗಾಯ ತೊಳೆದು ವೈದ್ಯರಿಗೆ ತೋರಿಸಬೇಕು.

ಇಲಿಯ ಆಯುಷ್ಯ ಎರಡು ಮೂರು ವರ್ಷ ಮಾತ್ರ. ಹಾಗೆಂದು ಅವಸರ ಸಲ್ಲದು. ಬಂದ ನೆಂಟರಿಗೆ ತೋರಿಸಲೆಂದು ಒಮ್ಮೆ ಅದನ್ನು ಎಳೆದು ತೆಗೆದರೂ ವಾರಗಟ್ಟಲೆ ಗಳಿಸಿದ ನಂಬಿಕೆ ಕರಗುತ್ತದೆ. ‘ಈಗ ಬೇಡ, ಅದು ಮಲಗಿದೆ’ ಎಂದು ಮಗುವೇ ನೆಂಟರಿಗೆ ಹೇಳಲಿ. ಪಾಲಕರು ಅದಕ್ಕೆ ಬೆಂಬಲವಾಗಿ ನಿಲ್ಲಲಿ.